ವೇಸ್ಟ್ ಅಂತ ಕತ್ತರಿಸಿದ ಎರಡು ಗಂಟೆ

ಹೋದ ತಿಂಗಳು ಶಿರಸಿಯಲ್ಲಿ ಒಂದು ಸಣ್ಣ ಸಭೆಯಲ್ಲಿ ಮಾತಾಡಿದ್ದೆ. ಮನೆಯಲ್ಲಿ ಬಿದ್ದಿರುವ ಹಳೇ ವಿಡಿಯೋ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಹೇಗೆ ಅನ್ನೋದು ವಿಷಯ. ಮೂವತ್ತು ಮೂವತ್ತೈದು ಜನ ಬಂದಿದ್ದರು, ಅವರಲ್ಲಿ ಹತ್ತು ಜನ ಕ್ಯಾಸೆಟ್ಟನ್ನೇ ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ನಡುವೆ ಕರೆಂಟು ಹೋಗಿ ಅರ್ಧ ಗಂಟೆ ಮೈಕಿಲ್ಲದೇ ಕೂಗಿದ್ದೂ ಆಯಿತು. ಬರಲಿಕ್ಕಾಗದವರು ಬರೆದುಕೊಡಿ ಅಂದರು. ಮಾತಾಡಿದ್ದನ್ನೇ ಸ್ವಲ್ಪ ಓರಣ ಮಾಡಿ ಇಲ್ಲಿ ಹಾಕಿದ್ದೇನೆ. ನಾನು ಇಂಜಿನಿಯರ್ ಅಲ್ಲ. ಸಿಟ್ಟು ಬಂದು ಈ ಕೆಲಸ ಕಲಿತವನು.

ಆ ಸಿಟ್ಟಿನ ಕಥೆ ಮೊದಲು ಹೇಳುತ್ತೇನೆ.

1993ರಲ್ಲಿ ನಮ್ಮ ಅಕ್ಕನ ಮದುವೆ ಆಯಿತು. ಮನೆಯಂಗಳದಲ್ಲೇ ಚಪ್ಪರ. ಆಗ ವಿಡಿಯೋ ಮಾಡಿಸುವುದು ಅಂದರೆ ಅಡಿಕೆಗೆ ಚಲೋ ರೇಟು ಬಂದ ವರ್ಷದ ಮಾತು. ಕ್ಯಾಮೆರಾದವನು ಹಿಂದಿನ ದಿನ ಸಂಜೆಯೇ ಬಂದುಬಿಟ್ಟಿದ್ದ, ಬೆಳಿಗ್ಗೆ ಬಸ್ಸಿಲ್ಲ ಅಂತ. ಬಂದವನು ಸುಮ್ನೆ ಕೂರಲಿಲ್ಲ. ಮೂರು ಗಂಟೆಯ ಕ್ಯಾಸೆಟ್ಟು ತುಂಬಿಸಿ ಕೊಟ್ಟ. ಮದುವೆಯಾದ ಎರಡು ವರ್ಷ ಬಂದ ನೆಂಟರಿಗೆಲ್ಲ ಅದನ್ನು ತೋರಿಸಿದೆವು, ಆಮೇಲೆ ಕ್ಯಾಸೆಟ್ಟು ಓಡಿಸುವ ವಿಸಿಪಿ ಕೆಟ್ಟಿತು, ಕ್ಯಾಸೆಟ್ಟು ಕಪಾಟು ಸೇರಿತು. 2018ರಲ್ಲಿ ಅಕ್ಕನ ಮದುವೆಗೆ ಇಪ್ಪತ್ತೈದು ವರ್ಷ ತುಂಬಿತು ಅಂತ ನಾನು ಅದನ್ನು ದೊಡ್ಡ ಪೇಟೆಯ ಒಂದು ಅಂಗಡಿಗೆ ಕೊಟ್ಟೆ. ಹದಿನೈದು ದಿನದ ನಂತರ ಪೆನ್‌ಡ್ರೈವ್ ಕೊಟ್ಟರು. ಮನೆಗೆ ಬಂದು ಹಾಕಿ ನೋಡಿದರೆ ಐವತ್ತು ನಿಮಿಷ! ಫೋನ್ ಮಾಡಿ ಕೇಳಿದೆ. "ವೇಸ್ಟ್ ಎಲ್ಲ ತೆಗೆದು ನೀಟ್ ಮಾಡಿದ್ದೀವಿ ಸರ್" ಅಂದರು. ಹೆಮ್ಮೆಯಿಂದಲೇ ಅಂದರು, ಅದೇ ನೋಡಿ ತಮಾಷೆ.

ನೀಟ್ ಅಂದರೆ ಏನು ಉಳಿದಿತ್ತು ಅಂದರೆ, ಧಾರೆ, ಹೋಮ, ಸಾಲಾಗಿ ನಿಂತು ಉಡುಗೊರೆ ಕೊಡುವವರು, ಮತ್ತೆ ಇದಕ್ಕೆಲ್ಲ ಮೇಲೆ ಹೊದೆಸಿದ ಸಿನಿಮಾ ಹಾಡು. ಚಿತ್ರವನ್ನು ಈಗಿನ ಅಗಲ ಟಿವಿಗೆ ಹೊಂದಲಿ ಅಂತ ಎಳೆದಿದ್ದರಿಂದ ಭಾವ ಮೂರು ಅಡಿ ಅಗಲ ಆಗಿದ್ದರು. ಅದೃಷ್ಟ ಅಂದರೆ ಕ್ಯಾಸೆಟ್ಟನ್ನು ಎಸೆದಿರಲಿಲ್ಲ. ವಾಪಸ್ ತಂದೆ, ಕ್ಯಾಸೆಟ್ಟು ಓಡಿಸುವ, ರೆಕಾರ್ಡೂ ಮಾಡುವ ಒಂದು ಹಳೇ ವಿಸಿಆರ್ ಹುಡುಕಿದೆ, ಆರು ತಿಂಗಳು ತಲೆಕೆಡಿಸಿಕೊಂಡು ಪೂರ್ತಿ ಇಳಿಸಿದೆ. ಆ "ವೇಸ್ಟ್" ಎರಡು ಗಂಟೆಯಲ್ಲಿ ಹಿಂದಿನ ರಾತ್ರಿ ಇತ್ತು. ಊರ ಹೆಂಗಸರು ಹಿತ್ತಲ ಜಗಲಿಯಲ್ಲಿ ಕೂತು ಸೌತೆಕಾಯಿ, ಕುಂಬಳಕಾಯಿ ಹೆಚ್ಚುತ್ತಿದ್ದಾರೆ. ಹೊಗೆ. ಯಾವುದೋ ಮಗುವಿನ ಅಳು. ಕ್ಯಾಮೆರಾ ನಿಧಾನ ತಿರುಗುತ್ತದೆ, ಅದರ ಹಿಂದೆ ಸಾವಿರ ವಾಟಿನ ಲೈಟು ಹಿಡಿದ ಹುಡುಗ. ಆ ಬೆಳಕು ನಮ್ಮ ಆಯಿಯ ಮುಖಕ್ಕೆ ಬೀಳುತ್ತದೆ. ಆಯಿ ಅಂದರೆ ನನ್ನ ಅಪ್ಪನ ತಾಯಿ. ಕೈಯಲ್ಲಿ ಹೋಳು ಹಿಡಿದುಕೊಂಡೇ ಕಣ್ಣು ಕಿರಿದು ಮಾಡಿ ಹೇಳುತ್ತಾರೆ, "ತಮಾ, ಆ ಲೈಟು ಆಚೆ ಹಿಡಿಯೋ, ಕಣ್ಣು ಕುಕ್ತು."

ಆಯಿ 1996ರಲ್ಲಿ ತೀರಿಕೊಂಡರು. ಅವರ ದನಿ ಅಂತ ಈ ಪ್ರಪಂಚದಲ್ಲಿ ಉಳಿದಿರುವುದು ಆ ಒಂದು ವಾಕ್ಯ. ಅಂಗಡಿಯವರಿಗೆ ಅದು ವೇಸ್ಟು. ಅವರ ತಪ್ಪೂ ಅಲ್ಲ ಬಿಡಿ, ಅವರಿಗೆ ಆಯಿ ಯಾರು?

ಹಾಗಾಗಿ ನಾನು ಹೇಳಲಿಕ್ಕೆ ಬಂದಿದ್ದು ಒಂದೇ ಮಾತು. ಕ್ಯಾಸೆಟ್ಟನ್ನು ಪೂರ್ತಿ ಹಿಡಿಯಿರಿ. ಮೊದಲ ಸೆಕೆಂಡಿನಿಂದ ಕೊನೆಯ ಸೆಕೆಂಡಿನ ತನಕ, ಕಪ್ಪು ಪರದೆ ಬಂದರೂ ಬಿಡಬೇಡಿ. ಚಂದ ಮಾಡುವುದು ಆಮೇಲೆ. ಯಾವುದು ಬೇಕು ಯಾವುದು ಬೇಡ ಅಂತ ಇವತ್ತು ನಮಗೆ ಗೊತ್ತಾಗುವುದಿಲ್ಲ. ಕಾರವಾರದ ಒಬ್ಬರು ತಂದ ಕ್ಯಾಸೆಟ್ಟಿನಲ್ಲಿ ದಿಬ್ಬಣದ ಬಸ್ಸು ಸದಾಶಿವಗಡದ ಕಡೆ ಹೋಗುತ್ತದೆ. ಕ್ಯಾಮೆರಾದವನು ಡ್ರೈವರ್ ಪಕ್ಕ ಕೂತು ಸುಮ್ನೆ ಗಾಜಿನಾಚೆ ಹಿಡಿದಿದ್ದಾನೆ. ಎರಡು ನಿಮಿಷ ಬರೀ ಸೇತುವೆ, ಕಂಬಿ, ಕೆಳಗೆ ಕಾಳಿ ನದಿ, ದೂರದಲ್ಲಿ ಎರಡು ದೋಣಿ. ಕೊಟ್ಟವರೇ "ಅದನ್ನು ಓಡಿಸಿಬಿಡಿ" ಅಂದಿದ್ದರು. 2024ರ ಆಗಸ್ಟ್ 7ರ ನಡುರಾತ್ರಿ ಆ ಹಳೇ ಸೇತುವೆ ಕುಸಿದು ನದಿಗೆ ಬಿತ್ತು. ಮರುದಿನ ಅವರೇ ಫೋನ್ ಮಾಡಿದರು, ಆ ಎರಡು ನಿಮಿಷ ಕಳಿಸಿ ಅಂತ.

ಈಗ ಕ್ಯಾಸೆಟ್ಟಿನ ಒಳಗೆ ಏನಿದೆ ನೋಡೋಣ. ಇದು ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭ.

ನಮ್ಮ ಮನೆಗಳಲ್ಲಿ ಜಾಸ್ತಿ ಇರುವುದು ವಿಎಚ್‌ಎಸ್. ಜಪಾನಿನ ಜೆವಿಸಿ ಕಂಪನಿ 1976ರಲ್ಲಿ ತಂದಿದ್ದು. ಮೂರು ಗಂಟೆಯ ಕ್ಯಾಸೆಟ್ಟಿನ ಮೇಲೆ ಇ-180 ಅಂತ ಬರೆದಿರುತ್ತದೆ, ಅಂದರೆ 180 ನಿಮಿಷ. ಒಳಗೆ ಅರ್ಧ ಇಂಚು ಅಗಲದ, ಸುಮಾರು 258 ಮೀಟರ್ ಉದ್ದದ ಟೇಪು. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಒಂದು ಥರದ ಅಂಟಿನಲ್ಲಿ ಕಲಸಿ ಬಳಿದಿದ್ದಾರೆ. ಮದುವೆ, ಮುಂಜಿ, ಯಕ್ಷಗಾನ ಎಲ್ಲ ಕೂತಿರುವುದು ಆ ಪುಡಿಯಲ್ಲಿ.

ಟೇಪು ಹರಿಯುವುದು ಬಹಳ ನಿಧಾನ, ಸೆಕೆಂಡಿಗೆ ಎರಡೂಕಾಲು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಇಷ್ಟು ನಿಧಾನದಲ್ಲಿ ಸೆಕೆಂಡಿಗೆ 25 ಚಿತ್ರ ಹಿಡಿಸುವುದು ಹೇಗೆ? ಅದಕ್ಕೇ ಒಳಗೆ ಒಂದು ಡ್ರಮ್ಮು ಇದೆ, ಹೊಳೆಯುವ ಲೋಹದ ಚಿಕ್ಕ ಡಬ್ಬಿಯ ಹಾಗೆ, ಓರೆಯಾಗಿ ಕೂತು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಅದರ ಅಂಚಿನಲ್ಲಿರುವ ಹೆಡ್ಡು, ಅಂದರೆ ಚಿತ್ರ ಬರೆಯುವ ಮತ್ತು ಓದುವ ಚಿಕ್ಕ ತುದಿ, ಟೇಪಿನ ಮೇಲೆ ಓರೆ ಗೆರೆ ಎಳೆಯುತ್ತಾ ಹೋಗುತ್ತದೆ. ಒಂದೊಂದು ಗೆರೆಯಲ್ಲಿ ಅರ್ಧರ್ಧ ಚಿತ್ರ. ಸಭೆಯಲ್ಲಿ ಮುಚ್ಚಳ ತೆಗೆದ ವಿಸಿಆರ್ ಇಟ್ಟುಕೊಂಡಿದ್ದೆ, ಆ ಡ್ರಮ್ಮಿಗೆ ಟೇಪು ಸುತ್ತಿಕೊಳ್ಳುವುದನ್ನು ನೋಡಲಿಕ್ಕೆ ಮಕ್ಕಳಿಗಿಂತ ಅಜ್ಜಂದಿರೇ ಮುಂದೆ ಬಂದರು.

ಟೇಪಿನ ಎರಡು ಅಂಚಿನಲ್ಲಿ ಬೇರೆ ಎರಡು ಸಂಗತಿ ಇದೆ. ಒಂದು ಅಂಚಿನಲ್ಲಿ ಶಬ್ದ. ಇನ್ನೊಂದು ಅಂಚಿನಲ್ಲಿ ಕಂಟ್ರೋಲ್ ಟ್ರ್ಯಾಕ್, ಅಂದರೆ ಟೇಪನ್ನು ಯಾವ ಲೆಕ್ಕದಲ್ಲಿ ಓಡಿಸಬೇಕು ಅಂತ ಮಷಿನ್ನಿಗೆ ತಾಳ ಹಾಕಿಕೊಡುವ ಗುರುತು. ಇದನ್ನು ಯಾಕೆ ಹೇಳಿದೆ ಅಂದರೆ, ನಮ್ಮ ಜಿಲ್ಲೆಯ ಮಳೆಗೆ ಬೂಷ್ಟು ಹಿಡಿಯುವುದು ಅಂಚಿನಿಂದಲೇ. ಚಿತ್ರ ಇನ್ನೂ ಗಟ್ಟಿಯಾಗಿಯೇ ಇರುತ್ತದೆ, ತಾಳ ಹಾಕುವವನು ಮತ್ತು ಭಾಗವತ ಮೊದಲು ಹಾಳಾಗುತ್ತಾರೆ. ಚಿತ್ರ ಅಲ್ಲಾಡುವುದು, ಶಬ್ದ ಮೂಗಿನಲ್ಲಿ ಮಾತಾಡಿದ ಹಾಗೆ ಕೇಳುವುದು, ಎಲ್ಲ ಇದರಿಂದಲೇ ಶುರು.

ಕಪಾಟಿನಿಂದ ಕ್ಯಾಸೆಟ್ಟು ತೆಗೆದ ತಕ್ಷಣ ಮಷಿನ್ನಿಗೆ ತುರುಕಬೇಡಿ. ಮೊದಲು ಅದರ ಕಿಟಕಿಯಲ್ಲಿ ಬ್ಯಾಟರಿ ಬಿಟ್ಟು ನೋಡಿ. ಟೇಪಿನ ಸುರುಳಿ ಮೇಲಿನಿಂದ ನೋಡಿದರೆ ಕಪ್ಪಗೆ, ನುಣ್ಣಗೆ, ಹಳೇ ಗ್ರಾಮಫೋನ್ ತಟ್ಟೆಯ ಹಾಗೆ ಇರಬೇಕು. ಬಿಳಿ ಪುಡಿ, ಹಿಟ್ಟು ಚೆಲ್ಲಿದ ಹಾಗೆ ಕಂಡರೆ ಅದು ಬೂಷ್ಟು. ಅಂಥದ್ದನ್ನು ಹಾಕಿದರೆ ಆ ಕ್ಯಾಸೆಟ್ಟು ಕೆಡುವುದು ಮಾತ್ರ ಅಲ್ಲ, ಹೆಡ್ಡಿಗೆ ಮೆತ್ತಿಕೊಂಡು ಮುಂದೆ ಹಾಕುವ ಚಲೋ ಕ್ಯಾಸೆಟ್ಟುಗಳಿಗೂ ದಾಟುತ್ತದೆ. ನಾನು ಹೀಗೆ ಮಾಡಿಯೇ ಬುದ್ಧಿ ಕಲಿತಿದ್ದು. ಒಂದು ಬೂಷ್ಟಿನ ಕ್ಯಾಸೆಟ್ಟಿನಿಂದ ಮೂರಕ್ಕೆ ಹಚ್ಚಿದೆ.

ಬೂಷ್ಟು ಇದ್ದರೆ ಏನು ಮಾಡುವುದು? ಬಿಸಿಲಿಗೆ ಹಾಕುವುದು ಅಂತ ಸಭೆಯಲ್ಲಿ ಒಬ್ಬರು ಅಂದರು. ದಯವಿಟ್ಟು ಬೇಡ. ಹಪ್ಪಳದ ಸಂಗಡ ಕ್ಯಾಸೆಟ್ಟು ಒಣಗಿಸಿದರೆ ಟೇಪು ಸೊಟ್ಟಗಾಗುತ್ತದೆ, ಒಮ್ಮೆ ಸೊಟ್ಟಗಾದ ಟೇಪನ್ನು ನೆಟ್ಟಗೆ ಮಾಡಲಿಕ್ಕೆ ಬರುವುದಿಲ್ಲ. ಅಕ್ಕಿ ಡಬ್ಬಿಯಲ್ಲಿ ಹುಗಿಯುವುದೂ ಬೇಡ, ಅಕ್ಕಿಯ ಹಿಟ್ಟು ಒಳಗೆ ಹೋಗುತ್ತದೆ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ತಗೊಳ್ಳಿ, ಸಿಲಿಕಾ ಜೆಲ್ ಪೊಟ್ಟಣ ಧಾರಾಳವಾಗಿ ಹಾಕಿ, ಕ್ಯಾಸೆಟ್ಟನ್ನು ಎರಡು ಮೂರು ವಾರ ಅದರಲ್ಲಿ ಬಿಡಿ. ಬೂಷ್ಟು ಒಣಗಿ ಪುಡಿಯಾಗುತ್ತದೆ. ಆಮೇಲೆ ಮನೆಯ ಹೊರಗೆ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ತೆಗೆಯಬೇಕು. ನಾನು ಒಂದು ಕೆಟ್ಟ ವಿಸಿಆರ್ ಅನ್ನು ಇದಕ್ಕೇ ಅಂತ ಇಟ್ಟುಕೊಂಡಿದ್ದೇನೆ, ಹೆಡ್ಡಿಗೆ ಟೇಪು ತಾಗದ ಹಾಗೆ ಮಾಡಿ, ನೂಲು ಬಿಡದ ಬಟ್ಟೆಯ ನಡುವೆ ಟೇಪನ್ನು ಮೆಲ್ಲಗೆ ಮುಂದಕ್ಕೂ ಹಿಂದಕ್ಕೂ ಸುತ್ತಿಸುತ್ತೇನೆ. ಇದಕ್ಕೆ ತಾಳ್ಮೆ ಬೇಕು. ನಿಮಗೆ ಒಂದೇ ಕ್ಯಾಸೆಟ್ಟು ಇದ್ದು ಅದೂ ಬೂಷ್ಟು ಹಿಡಿದಿದ್ದರೆ ಕೈಹಾಕದೇ ತಿಳಿದವರಿಗೆ ಕೊಡುವುದು ಒಳ್ಳೆಯದು. ಆದರೆ ಕೊಡುವಾಗ ಕತ್ತರಿಸಬೇಡಿ ಅಂತ ಒಂದು ಚೀಟಿಯಲ್ಲಿ ಬರೆದೇ ಕೊಡಿ!

ಮಳೆಗಾಲದ ಇನ್ನೊಂದು ಫಜೀತಿ. ಜುಲೈ ತಿಂಗಳಲ್ಲಿ ನೆಲವೇ ಬೆವರುತ್ತದೆ ಅಲ್ವಾ, ವಿಸಿಆರ್ ಒಳಗಿನ ಡ್ರಮ್ಮೂ ಹಾಗೆಯೇ. ಒದ್ದೆ ಡ್ರಮ್ಮಿಗೆ ಟೇಪು ಅಂಟಿಕೊಂಡರೆ ಹರಿದೇ ಹೋಗುತ್ತದೆ. ಅದಕ್ಕೇ ಎಷ್ಟೋ ಮಷಿನ್ನುಗಳಲ್ಲಿ ಒಂದು ಸೆನ್ಸರ್ ಇಟ್ಟಿದ್ದಾರೆ, ಒಳಗೆ ನೀರಾವಿ ಕಂಡರೆ ಮಷಿನ್ ಮುಷ್ಕರ ಹೂಡುತ್ತದೆ. ಕೆಟ್ಟಿದೆ ಅಂತ ಬಿಚ್ಚಲಿಕ್ಕೆ ಹೋಗಬೇಡಿ. ಆನ್ ಮಾಡಿ ಎರಡು ಗಂಟೆ ಹಾಗೇ ಬಿಡಿ, ಬಿಸಿಯಾಗಿ ತಾನೇ ಸರಿಯಾಗುತ್ತದೆ. ನಾನಂತೂ ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಕೆಲಸ ಮುಟ್ಟುವುದಿಲ್ಲ. ಕರೆಂಟಿನ ಕಾಟವೂ ಇದೆ. ಮೂರು ಗಂಟೆಯ ಕ್ಯಾಸೆಟ್ಟು ಇಳಿಸಲಿಕ್ಕೆ ಮೂರು ಗಂಟೆಯೇ ಬೇಕು, ಬೇಗ ಮುಗಿಸುವ ದಾರಿ ಇಲ್ಲ. ಎರಡೂಮುಕ್ಕಾಲು ಗಂಟೆಗೆ ಕರೆಂಟು ಹೋದರೆ ಎಷ್ಟು ಉರಿಯುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ಯುಪಿಎಸ್ ಇರಲೇಬೇಕು, ಕಂಪ್ಯೂಟರಿಗೆ ಮಾತ್ರ ಅಲ್ಲ, ವಿಸಿಆರ್‌ಗೂ.

ಮಷಿನ್ ಎಲ್ಲಿ ಸಿಗುತ್ತದೆ ಅನ್ನೋದು ಎಲ್ಲರ ಪ್ರಶ್ನೆ. ಹೊಸದು ಸಿಗುವುದಿಲ್ಲ. ಕೊನೆಯ ತನಕ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ನಿಲ್ಲಿಸಿತು. ಹಾಗಾಗಿ ಇರುವುದರಲ್ಲೇ ಹುಡುಕಬೇಕು. ನಮ್ಮ ಜಿಲ್ಲೆಯಲ್ಲಿ ಒಂದು ಅನುಕೂಲ ಇದೆ, ಭಟ್ಕಳ ಹೊನ್ನಾವರ ಕಡೆ ಗಲ್ಫಿನಿಂದ ಬಂದವರು ತಂದ ಚಲೋ ಚಲೋ ಮಷಿನ್ನುಗಳು ಇನ್ನೂ ಮನೆಗಳಲ್ಲಿವೆ, ಮೇಲೆ ಕ್ರೋಶಾ ಬಟ್ಟೆ ಹೊದ್ದುಕೊಂಡು. ನನ್ನದು ಅಂಥದ್ದೇ ಒಂದು. ಒಳಗಿನ ರಬ್ಬರ್ ಬೆಲ್ಟು ಬೆಲ್ಲದ ಪಾಕ ಆಗಿತ್ತು, ಟೇಪು ಎಳೆಯುವ ರೋಲರ್ ಕಲ್ಲಾಗಿತ್ತು. ಎರಡನ್ನೂ ಬದಲಾಯಿಸಿದ ಮೇಲೆ ಕುದುರೆಯ ಹಾಗೆ ಓಡುತ್ತಿದೆ. ಹೆಡ್ಡು ಒರೆಸುವಾಗ ಮಾತ್ರ ಜಾಗ್ರತೆ. ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ನೂಲಿಲ್ಲದ ಬಟ್ಟೆಯನ್ನು ಡ್ರಮ್ಮಿಗೆ ಒತ್ತಿ ಹಿಡಿದುಕೊಳ್ಳಿ, ಡ್ರಮ್ಮನ್ನು ಕೈಯಿಂದ ತಿರುಗಿಸಿ. ಮೇಲೆ ಕೆಳಗೆ ಉಜ್ಜಿದರೆ ಹೆಡ್ಡು ಮುರಿಯುತ್ತದೆ. ಹತ್ತಿ ಬೇಡ, ಎಳೆ ಸಿಕ್ಕಿಹಾಕಿಕೊಳ್ಳುತ್ತದೆ.

ಕ್ಯಾಸೆಟ್ಟಿನ ಹಿಂಬದಿಯಲ್ಲಿ ಎಡಗಡೆ ಒಂದು ಚಿಕ್ಕ ಪ್ಲಾಸ್ಟಿಕ್ ಹಲ್ಲು ಇರುತ್ತದೆ. ಅದನ್ನು ಮೊದಲು ಮುರಿದುಹಾಕಿ. ಹಲ್ಲು ಇದ್ದರೆ ಅದರ ಮೇಲೆ ರೆಕಾರ್ಡ್ ಆಗುತ್ತದೆ, ಕೈತಪ್ಪಿ ಬಟನ್ ಒತ್ತಿದರೆ ಮದುವೆ ಹೋಯಿತು. ನಂತರ ಒಮ್ಮೆ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಸುತ್ತಿಸಿ. ಇಪ್ಪತ್ತು ವರ್ಷ ಒಂದೇ ಭಂಗಿಯಲ್ಲಿ ಕೂತ ಟೇಪು ಸ್ವಲ್ಪ ಮೈಮುರಿದುಕೊಳ್ಳಲಿ.

ಈಗ ಕಂಪ್ಯೂಟರಿಗೆ ಜೋಡಿಸುವ ಮಾತು. ವಿಸಿಆರ್ ಹಿಂದೆ ಹಳದಿ, ಬಿಳಿ, ಕೆಂಪು ಪಿನ್ನು. ಹಳದಿಯಲ್ಲಿ ಚಿತ್ರ, ಉಳಿದೆರಡರಲ್ಲಿ ಶಬ್ದ. ಎಸ್-ವಿಡಿಯೋ ಅನ್ನುವ ದುಂಡಗಿನ ಪಿನ್ನು ಇದ್ದರೆ ಹಳದಿ ಬಿಟ್ಟು ಅದನ್ನೇ ಬಳಸಿ, ಬಣ್ಣ ಜಾಸ್ತಿ ಶುದ್ಧ ಬರುತ್ತದೆ. ಇವು ಒಂದು ಯುಎಸ್‌ಬಿ ಕ್ಯಾಪ್ಚರ್ ಡಬ್ಬಿಗೆ, ಅಂದರೆ ಟೇಪಿನ ಚಿತ್ರ ಶಬ್ದವನ್ನು ಡಿಜಿಟಲ್ ಮಾಡುವ ಡಬ್ಬಿಗೆ, ಹೋಗುತ್ತವೆ, ಅಲ್ಲಿಂದ ಕಂಪ್ಯೂಟರಿಗೆ. ಆನ್‌ಲೈನಿನಲ್ಲಿ ಸಿಗುವ ತೀರಾ ಅಗ್ಗದ ಡಬ್ಬಿಗಳ ಸಹವಾಸ ಮಾಡಬೇಡಿ ಅಂತ ನನ್ನ ಸಲಹೆ. ಕಾರಣ ಹೇಳುತ್ತೇನೆ. ಹಳೇ ಟೇಪಿನಿಂದ ಪರದೆಯ ಚಿತ್ರದ ಅಡ್ಡ ಗೆರೆಗಳು ಸರಿಯಾದ ಹೊತ್ತಿಗೆ ಬರುವುದಿಲ್ಲ, ಒಂದು ಬೇಗ, ಒಂದು ತಡ. ಹಳೇ ದಪ್ಪ ಟಿವಿ ಅದನ್ನೆಲ್ಲ ಸಹಿಸಿಕೊಳ್ಳುತ್ತಿತ್ತು. ಈ ಡಬ್ಬಿಗಳು ಸಹಿಸುವುದಿಲ್ಲ, ಗೊಂದಲ ಆದ ಕೂಡಲೇ ಚಿತ್ರಗಳನ್ನು ನುಂಗಿಬಿಡುತ್ತವೆ. ಶಬ್ದ ಮಾತ್ರ ತನ್ನಷ್ಟಕ್ಕೆ ಹೋಗುತ್ತಿರುತ್ತದೆ. ಗಂಟೆ ಕಳೆಯುವಷ್ಟರಲ್ಲಿ ಎರಡಕ್ಕೂ ಸಂಬಂಧ ಇಲ್ಲ.

ಮದುವೆಯಲ್ಲಿ ಇದು ಅಷ್ಟು ಗೊತ್ತಾಗುವುದಿಲ್ಲ, ಮಂತ್ರ ಹಿಂದೆ ಮುಂದೆ ಆದರೆ ಪುರೋಹಿತರಿಗೆ ಮಾತ್ರ ಬೇಸರ. ಯಕ್ಷಗಾನದಲ್ಲಿ ಮರ್ಯಾದೆ ಹೋಗುತ್ತದೆ. ಚಂಡೆಯ ಪೆಟ್ಟು ಒಂದು ಕಡೆ, ಹೆಜ್ಜೆ ಇನ್ನೊಂದು ಕಡೆ. ನಾನು ಮೊದಲು ಇಳಿಸಿದ ಒಂದು ಬಯಲಾಟವನ್ನು ನೋಡಿದ ಹಿರಿಯರೊಬ್ಬರು "ಈ ವೇಷಧಾರಿಗೆ ತಾಳಜ್ಞಾನವೇ ಇಲ್ಲ" ಅಂದರು. ಪಾಪ ಆ ಕಲಾವಿದರ ತಪ್ಪಲ್ಲ, ನನ್ನ ಡಬ್ಬಿಯ ತಪ್ಪು. ಗೆರೆಗಳನ್ನು ಸರಿಯಾದ ಹೊತ್ತಿಗೆ ಕಳಿಸಲಿಕ್ಕೆ ಟೈಮ್ ಬೇಸ್ ಕರೆಕ್ಟರ್ ಅಂತ ಒಂದು ಉಪಕರಣ ಇದೆ, ಟಿಬಿಸಿ ಅನ್ನುತ್ತಾರೆ. ಬೇರೆಯಾಗಿ ಕೊಳ್ಳಲಿಕ್ಕೆ ದುಬಾರಿ. ಆದರೆ ಕೆಲವು ಹಳೇ ಡಿವಿಡಿ ರೆಕಾರ್ಡರುಗಳು ತಮ್ಮ ಮೂಲಕ ಹಾಯುವ ಚಿತ್ರವನ್ನು ತಾವಾಗಿಯೇ ತಿದ್ದುತ್ತವೆ. ಪ್ಯಾನಾಸೋನಿಕ್‌ನ ಕೆಲವು ಮಾಡೆಲ್ ಇದಕ್ಕೇ ಹೆಸರುವಾಸಿ. ಡಿವಿಡಿ ಸುಡುವ ಭಾಗ ಕೆಟ್ಟಿದ್ದರೂ ನಡೆಯುತ್ತದೆ, ನಮಗೆ ಬೇಕಾಗಿದ್ದು ನಡುವೆ ಹಾಯಿಸುವುದು ಅಷ್ಟೇ.

ಯಕ್ಷಗಾನದ ಮಾತು ಬಂತಲ್ಲ, ಇನ್ನೂ ಸ್ವಲ್ಪ ಹೇಳಿಬಿಡುತ್ತೇನೆ. ಕೆರೆಮನೆ ಶಂಭು ಹೆಗಡೆಯವರು 2009ರಲ್ಲಿ ಹೋದರು, ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರಲ್ಲಿ. ಅವರ ಕಾಲದ ಆಟಗಳನ್ನು ಯಾರ್ಯಾರೋ ಅಭಿಮಾನಿಗಳು ಸ್ವಂತ ಕ್ಯಾಮೆರಾದಲ್ಲಿ ಹಿಡಿದಿದ್ದಾರೆ, ಆ ಕ್ಯಾಸೆಟ್ಟುಗಳು ಹಳ್ಳಿ ಮನೆಗಳ ಅಟ್ಟದಲ್ಲಿವೆ. ರಾತ್ರಿಯಿಡೀ ನಡೆಯುವ ಆಟ ಒಂದು ಕ್ಯಾಸೆಟ್ಟಿಗೆ ಸಾಲುವುದಿಲ್ಲ ಅಂತ ಕೆಲವರು ಎಲ್‌ಪಿ ಮೋಡಿನಲ್ಲಿ ಹಿಡಿದಿರುತ್ತಾರೆ, ಅಂದರೆ ಅರ್ಧ ವೇಗ, ಎರಡರಷ್ಟು ಹೊತ್ತು. ಅದನ್ನು ಓಡಿಸಲಿಕ್ಕೆ ಎಲ್‌ಪಿ ಗೊತ್ತಿರುವ ಮಷಿನ್ನೇ ಬೇಕು. ಕ್ಯಾಸೆಟ್ಟಿನ ಮೇಲೆ ಬರೆದಿರುವುದು ಮಾತ್ರ "ಯಕ್ಷಗಾನ" ಅಂತ. ಪ್ರಸಂಗ ಯಾವುದು, ಭಾಗವತರು ಯಾರು, ಯಾವ ಊರ ಬಯಲು, ಏನೂ ಇಲ್ಲ. ಹೇಳಬಲ್ಲ ಕಣ್ಣು ಕಿವಿ ಇರುವವರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರ ಮುಂದೆ ಲ್ಯಾಪ್‌ಟಾಪ್ ಇಟ್ಟು, ಕವಳದ ಬಟ್ಟಲು ಇಟ್ಟು, ಕೇಳಿ ಬರೆದುಕೊಳ್ಳಿ. ಮನೆಯ ಕ್ಯಾಸೆಟ್ಟಿಗೂ ಇದೇ ಮಾತು. ಫೈಲಿಗೆ "ಮದುವೆ ಫೈನಲ್ 2" ಅಂತ ಹೆಸರಿಟ್ಟರೆ ಹತ್ತು ವರ್ಷದ ನಂತರ ಯಾರ ಮದುವೆ ಅಂತ ನಿಮಗೇ ಗೊತ್ತಾಗುವುದಿಲ್ಲ. ನಾನು ಪ್ರತಿ ಫೈಲಿನ ಪಕ್ಕ ಒಂದು ಟೆಕ್ಸ್ಟ್ ಫೈಲ್ ಇಡುತ್ತೇನೆ. 14ನೇ ನಿಮಿಷ, ಹಸಿರು ಸೀರೆ, ಸಣ್ಣತ್ತೆ. 31ನೇ ನಿಮಿಷ, ಬಾಳೆ ಹಾಕುತ್ತಿರುವವನು ಪಕ್ಕದ ಮನೆಯ ಮಾಣಿ, ಈಗ ಬೆಂಗಳೂರು. ಹೀಗೆ.

ಹಿಡಿಯುವಾಗ ಯಾವ ಥರದ ಫೈಲು? ನಮ್ಮ ದೇಶದ ಟೇಪು ಪಾಲ್ ಅನ್ನುವ ಟಿವಿ ಪದ್ಧತಿಯದ್ದು, ಕಂಪ್ಯೂಟರಿನಲ್ಲಿ 720 ಚುಕ್ಕಿ ಅಡ್ಡ, 576 ಚುಕ್ಕಿ ಉದ್ದ, ಸೆಕೆಂಡಿಗೆ 25 ಚಿತ್ರ. ಮೊದಲ ಪ್ರತಿಯನ್ನು ಒಂದು ಚುಕ್ಕಿಯೂ ಕಳೆಯದ ರೂಪದಲ್ಲಿ ಇಡಿ, ಎಫ್‌ಎಫ್‌ವಿ1 ಅಥವಾ ಹಫ್‌ವೈಯುವಿ ಅಂತ ಇವೆ, ಎರಡೂ ಉಚಿತ. ಗಂಟೆಗೆ 25ರಿಂದ 35 ಜಿಬಿ ತಿನ್ನುತ್ತದೆ. ಜಾಸ್ತಿ ಅನಿಸಬಹುದು, ಆದರೆ ಹಾರ್ಡ್‌ಡಿಸ್ಕ್ ಮತ್ತೆ ಸಿಗುತ್ತದೆ, ಟೇಪು ಸಿಗುವುದಿಲ್ಲ. ಅದರಿಂದ ಮನೆಯವರಿಗೆ ಕೊಡಲಿಕ್ಕೆ ಒಂದು ಎಂಪಿ4 ಮಾಡಿ, ಗಂಟೆಗೆ 4 ಜಿಬಿ ಆಸುಪಾಸು ಇದ್ದರೆ ಸಾಕು. ವಾಟ್ಸಾಪಿನಲ್ಲಿ ಕಳಿಸಿದ್ದನ್ನೇ ಪ್ರತಿ ಅಂತ ಇಟ್ಟುಕೊಳ್ಳಬೇಡಿ, ಅದು ಹಿಂಡಿ ಸಿಪ್ಪೆ ಮಾಡಿ ಕೊಡುತ್ತದೆ.

ಕಂಪ್ಯೂಟರಿನಲ್ಲಿ ನೋಡುವಾಗ ಕೈ ಬೀಸಿದ ಕಡೆ ಬಾಚಣಿಗೆಯ ಹಲ್ಲಿನ ಹಾಗೆ ಗೆರೆ ಕಾಣುತ್ತದೆ. ಹೆದರಬೇಡಿ. ಆಗಲೇ ಅಂದೆನಲ್ಲ, ಟೇಪಿನ ಒಂದು ಓರೆ ಗೆರೆಯಲ್ಲಿ ಅರ್ಧ ಚಿತ್ರ ಅಂತ, ಸೆಕೆಂಡಿಗೆ 50 ಅರ್ಧ ಚಿತ್ರಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಎಂಪಿ4 ಮಾಡುವಾಗ ಡಿಇಂಟರ್‌ಲೇಸ್, ಅಂದರೆ ಆ ಹೆಣಿಗೆ ಬಿಡಿಸು, ಅಂತ ಒತ್ತಿ, 25 ಅಲ್ಲ, 50 ಚಿತ್ರ ಬರುವ ಹಾಗೆ ಮಾಡಿ. ಕುಣಿತ ಆಗ ನಿಜವಾಗಿ ಹರಿಯುತ್ತದೆ. ಚಿತ್ರದ ಆಕಾರ 4:3 ಇರಲಿ, ಎರಡೂ ಪಕ್ಕ ಕಪ್ಪು ಪಟ್ಟಿ ಬಂದರೆ ಬರಲಿ. ನಮ್ಮ ಭಾವನ ಹಾಗೆ ನಿಮ್ಮ ಭಾವ ಆಗುವುದು ಬೇಡ.

ಎಐ ಹಾಕಿ 4ಕೆ ಮಾಡುತ್ತೇವೆ ಅನ್ನುವವರು ಈಗ ಬಂದಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಬೇಡ. ಟೇಪಿನಲ್ಲಿ ಇಲ್ಲದ್ದನ್ನು ಅದು ಊಹಿಸಿ ಬರೆಯುತ್ತದೆ. ಆಯಿಯ ಮುಖವನ್ನು ಒಮ್ಮೆ ಹಾಗೆ ಮಾಡಿ ನೋಡಿದೆ. ಸುಕ್ಕು ಹೋಗಿ, ಹುಬ್ಬು ತೀಡಿ, ಯಾರೋ ಚಂದದ ಅಜ್ಜಿ ಬಂದು ಕೂತಿದ್ದರು.

ನಾಲ್ಕೈದು ಚಿಲ್ಲರೆ ಮಾತು ಬೇಗ ಮುಗಿಸುತ್ತೇನೆ. ಅಮೆರಿಕದ ನೆಂಟರು ಕಳಿಸಿದ ಕ್ಯಾಸೆಟ್ಟು ಓಡದಿದ್ದರೆ ಕೆಟ್ಟಿದೆ ಅಂದುಕೊಳ್ಳಬೇಡಿ, ಅಲ್ಲಿಯದು ಎನ್‌ಟಿಎಸ್‌ಸಿ ಪದ್ಧತಿ, ಎರಡೂ ಓಡಿಸುವ ಮಷಿನ್ ಬೇಕು. 2000ದ ನಂತರ ಚಿಕ್ಕ ಕ್ಯಾಮೆರಾದಲ್ಲಿ ಹಿಡಿದ ಮಿನಿ ಡಿವಿ ಇದ್ದರೆ ಅದು ಆಗಲೇ ಡಿಜಿಟಲ್, ಹಳದಿ ಪಿನ್ನಿನಿಂದ ತೆಗೆದರೆ ನಷ್ಟ. ಕ್ಯಾಮೆರಾದ ಕೇಬಲ್ ನೇರ ಸಿಕ್ಕಿಸುವ ಫೈರ್‌ವೈರ್ ಕಿಂಡಿ ಇರುವ ಹಳೇ ಕಂಪ್ಯೂಟರ್ ಹುಡುಕಿ, ಗಂಟೆಗೆ 13 ಜಿಬಿ, ಇದ್ದದ್ದು ಇದ್ದ ಹಾಗೆ ಬರುತ್ತದೆ. ಆಗಲೇ ವಿಸಿಡಿ ಮಾಡಿಸಿದ್ದೇವೆ ಅನ್ನುವವರಿಗೆ, ಅದು 352 ಅಡ್ಡ 288 ಉದ್ದದ ಚಿತ್ರ, ಟೇಪಿನಲ್ಲಿ ಇರುವುದರಲ್ಲಿ ಎಷ್ಟೋ ಅಲ್ಲಿ ಸೋರಿಹೋಗಿದೆ. ಕ್ಯಾಸೆಟ್ಟು ಇನ್ನೂ ಇದ್ದರೆ ಮತ್ತೆ ಇಳಿಸಿ. ಇಳಿಸಿದ ಮೇಲೂ ಕ್ಯಾಸೆಟ್ಟು ಎಸೆಯಬೇಡಿ, ಪುಸ್ತಕದ ಹಾಗೆ ನಿಲ್ಲಿಸಿ ಇಡಿ. ಫೈಲು ಮೂರು ಕಡೆ ಇರಲಿ, ಅದರಲ್ಲಿ ಒಂದು ಬೇರೆ ಊರಿನಲ್ಲಿ. ನನ್ನದೊಂದು ಹಾರ್ಡ್‌ಡಿಸ್ಕ್ ಹುಬ್ಬಳ್ಳಿಯ ತಂಗಿಯ ಮನೆಯಲ್ಲಿ ಬೆಳ್ಳಿ ಪಾತ್ರೆಗಳ ಪಕ್ಕ ಇದೆ.

ಶಬ್ದದ ಬಗ್ಗೆ ಒಂದು ಗುಟ್ಟು ಉಳಿದಿದೆ. ಮದುವೆ ಕ್ಯಾಸೆಟ್ಟಿನ ದೊಡ್ಡ ಶಾಪ ಅಂದರೆ ಮಿಕ್ಸಿಂಗ್. ಜನ ಮಾತಾಡಿದ್ದೆಲ್ಲ ಹೋಗಿ ಮೇಲಿಂದ ಹಾಡು. ಸ್ಟುಡಿಯೋದಲ್ಲಿ ಬೇರೆ ಟೇಪಿಗೆ ಹೊಡೆದಿದ್ದರೆ ಮುಗಿಯಿತು, ಏನೂ ಮಾಡಲಿಕ್ಕಾಗುವುದಿಲ್ಲ. ಆದರೆ ಮೂಲ ಟೇಪಿನ ಮೇಲೇ ಆಡಿಯೋ ಡಬ್ ಮಾಡಿದ್ದರೆ ಅಂಚಿನ ಶಬ್ದ ಮಾತ್ರ ಅಳಿಸಿರುತ್ತದೆ. ಹೈ-ಫೈ ಕ್ಯಾಮೆರಾಗಳು ಶಬ್ದವನ್ನು ಇನ್ನೊಂದು ಕಡೆಯೂ ಬರೆಯುತ್ತಿದ್ದವು, ಓರೆ ಗೆರೆಗಳಲ್ಲಿ, ಚಿತ್ರದ ಅಡಿಯಲ್ಲಿ. ಚಿತ್ರ ಅಳಿಸದೇ ಅದನ್ನು ಅಳಿಸಲಿಕ್ಕೆ ಬರುವುದಿಲ್ಲ. ಕುಮಟೆಯ ಒಂದು ಮುಂಜಿಯ ಕ್ಯಾಸೆಟ್ಟಿನಲ್ಲಿ ಹೀಗೇ ಆಯಿತು. ಒಂದೂವರೆ ಗಂಟೆ ಬರೀ ಭಜನೆ. ಹೈ-ಫೈ ವಿಸಿಆರ್‌ನಲ್ಲಿ ಹಾಕಿ ಶಬ್ದದ ಬಟನ್ ಬದಲಾಯಿಸಿದೆ, ಭಜನೆ ನಿಂತಿತು, ಅಡುಗೆಯವರು ಯಾರಿಗೋ ಹುಳಿಗೆ ಉಪ್ಪು ಹಾಕಿದೆಯಾ ಅಂತ ಕೇಳುವುದು ಕೇಳಿಸಿತು. ನನ್ನ ರೋಮ ನಿಂತಿತು. ಎಲ್ಲ ಕ್ಯಾಸೆಟ್ಟಿನಲ್ಲೂ ಹೀಗೆ ಆಗುವುದಿಲ್ಲ, ನೂರಕ್ಕೆ ಒಂದಿರಬಹುದು. ಆದರೆ ಬಟನ್ ಒತ್ತಿ ನೋಡಲಿಕ್ಕೆ ಏನು ಖರ್ಚು?

ಕೊನೆಗೆ ಪ್ರಶ್ನೆ ಕೇಳುವ ಹೊತ್ತು. ಹಿಂದೆ ಕೂತಿದ್ದ ಒಬ್ಬ ಅಮ್ಮ ಎದ್ದರು, ಯಲ್ಲಾಪುರದ ಕಡೆಯವರು. ಅವರ ಮಗನ ನಾಮಕರಣದ ಕ್ಯಾಸೆಟ್ಟಿನ ಮೇಲೆ ಯಜಮಾನರು ಕ್ರಿಕೆಟ್ ಮ್ಯಾಚ್ ರೆಕಾರ್ಡ್ ಮಾಡಿಬಿಟ್ಟಿದ್ದರಂತೆ. ಹಲ್ಲು ಮುರಿದಿದ್ದರೂ ಅದರ ಮೇಲೆ ಸೆಲ್ಲೋಟೇಪ್ ಅಂಟಿಸಿ! "ಅಡಿಯಿಂದ ಹಳೇದನ್ನು ತೆಗೀಲಿಕ್ಕೆ ಬರ್ತದಾ?" ಅಂತ ಕೇಳಿದರು. ಬರುವುದಿಲ್ಲ ಅಂದೆ. ಮೇಲೆ ಬರೆದರೆ ಅಡಿಯದು ಹೋಯಿತು. ಯಜಮಾನರೂ ಪಕ್ಕದಲ್ಲೇ ಕೂತಿದ್ದರು, ಅವರು ನೆಲ ನೋಡುತ್ತಿದ್ದರು. ಮ್ಯಾಚು ಎಷ್ಟು ಹೊತ್ತು ಇದೆ ಅಂತ ಕೇಳಿದೆ. ಗೊತ್ತಿಲ್ಲ, ಯಾರೂ ಕೊನೆ ತನಕ ನೋಡಿಲ್ಲ, ನಾವು ಸೋತ ಮ್ಯಾಚು ಅಂದರು ಅವರು.

ಕ್ಯಾಸೆಟ್ಟು ಇಟ್ಟುಕೊಂಡು ಬಂದೆ. ಹೋದ ಭಾನುವಾರ ಹಾಕಿ ಬಿಟ್ಟೆ. ಎರಡು ಗಂಟೆ ನಲವತ್ತೊಂಬತ್ತು ನಿಮಿಷ ಮ್ಯಾಚು, ನಡುವೆ ಸಾಬೂನಿನ ಜಾಹೀರಾತು. ಆಮೇಲೆ ಒಂದು ಕ್ಷಣ ಚಿತ್ರ ಹರಿದು ಚೂರಾಯಿತು, ಬಿಳಿ ಗೆರೆ ಓಡಿದವು, ಬಣ್ಣ ಮೆಲ್ಲಗೆ ಕೂಡಿಕೊಂಡಿತು. ತೊಟ್ಟಿಲು. ತೊಟ್ಟಿಲಿನ ಸುತ್ತ ಹೆಂಗಸರು, ಹಾಡುತ್ತಿದ್ದಾರೆ. ಹನ್ನೊಂದು ನಿಮಿಷ ಇದೆ, ಟೇಪು ಮುಗಿಯುವ ತನಕ. ಅಮ್ಮನಿಗೆ ಫೋನ್ ಮಾಡಿದೆ, ಯಜಮಾನರು ಎತ್ತಿದರು. ಬುಧವಾರ ಇಬ್ಬರೂ ಬರುತ್ತಾರಂತೆ, ಮಗನೂ ಊರಿಗೆ ಬಂದಿದ್ದಾನೆ, ಅವನನ್ನೂ ಕರೆದುಕೊಂಡು.